ಕ್ಲಚ್ ಹಾಕಿಸಿದ ಮೇಲೆ ಎಬಿಎಸ್ ದೀಪ: ಖರ್ಚು ಯಾರದ್ದು?

ಪ್ರಶ್ನೆ: ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ನನ್ನ ಆರು ವರ್ಷದ ಹ್ಯಾಚ್‌ಬ್ಯಾಕ್‌ಗೆ ಕ್ಲಚ್ ಸೆಟ್ ಹಾಕಿಸಿದೆ. ಮೂರನೇ ದಿನಕ್ಕೆ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತಿಕೊಂಡಿತು. ಗಾಡಿ ಎಡಕ್ಕೆ ಎಳೆಯುತ್ತಿದೆ, ಕೆಳಗೆ ಎಣ್ಣೆ ಹನಿಯುತ್ತಿದೆ, ಎಸಿಯೂ ತಂಪಾಗುತ್ತಿಲ್ಲ. ‘ಹಳೇ ಗಾಡಿ ಸಾರ್, ನಮ್ಮ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ’ ಅನ್ನುತ್ತಾರೆ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ನಾಲ್ಕರಲ್ಲಿ ಮೂರಕ್ಕೆ ಸಂಬಂಧ ಇರುವ ಸಾಧ್ಯತೆ ಹೆಚ್ಚು. ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು. ಅದಕ್ಕೂ ಮೊದಲು ಸಾಮಾನ್ಯವಾಗಿ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ನ ಬಾಲ್ ಜಾಯಿಂಟ್ ಬಿಡಿಸಿ, ಗೇರ್‌ಬಾಕ್ಸ್‌ನಿಂದ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್‌ಗಳನ್ನು ಎಳೆದು ತೆಗೆಯುತ್ತಾರೆ. ಶಾಫ್ಟ್ ವಾಪಸ್ ತೂರಿಸುವಾಗ ಅದರ ಹಲ್ಲು ಆಯಿಲ್ ಸೀಲಿನ ತುಟಿಗೆ ತಗುಲಿ ಗೀರಿದರೆ ಸಾಕು, ಎಣ್ಣೆ ಜಿನುಗುತ್ತದೆ. ಚಕ್ರದ ಹಬ್ ಹೊರಕ್ಕೆ ವಾಲಿಸುವಾಗ ಎಬಿಎಸ್‌ಗೆ ಚಕ್ರದ ವೇಗ ತಿಳಿಸುವ ಸೆನ್ಸರ್‌ನ ವೈರನ್ನು ಕ್ಲಿಪ್ಪಿನಿಂದ ಬಿಡಿಸದಿದ್ದರೆ ಎಳೆತಕ್ಕೆ ಒಳಗೊಳಗೇ ತುಂಡಾಗುತ್ತದೆ. ಸಬ್‌ಫ್ರೇಮ್ (ಎಂಜಿನ್ ಕೆಳಗಿನ ಚೌಕಟ್ಟು) ಇಳಿಸಿದ್ದರೆ, ಕೂರಿಸುವಾಗ ಕೊಂಚ ಜರುಗಿದರೂ ಚಕ್ರಗಳ ಅಲೈನ್‌ಮೆಂಟ್ ಕೆಟ್ಟು ಗಾಡಿ ಒಂದು ಕಡೆಗೆ ಎಳೆಯುತ್ತದೆ. ಆದರೆ ಎಸಿಯ ಗ್ಯಾಸ್ ಲೈನನ್ನು ಈ ಕೆಲಸಕ್ಕೆ ಸಾಮಾನ್ಯವಾಗಿ ಬಿಚ್ಚುವುದಿಲ್ಲ. ಅದನ್ನು ಈ ದೂರಿನಿಂದ ಕೈಬಿಡಿ. ಆ ಒಂದನ್ನು ಹಿಡಿದುಕೊಂಡು ಉಳಿದ ಮೂರನ್ನೂ ತಳ್ಳಿಹಾಕುತ್ತಾರೆ.

ಮೊದಲು ಗಾಡಿ ಓಡಿಸುವುದು ನಿಲ್ಲಿಸಿ. ಸಣ್ಣ ಕಾರಿನ ಗೇರ್‌ಬಾಕ್ಸ್‌ನಲ್ಲಿ ಇರುವುದೇ ಸುಮಾರು 2 ಲೀಟರ್ ಎಣ್ಣೆ. ಸೋರಿ ಕಮ್ಮಿಯಾದರೆ ಬೇರಿಂಗ್ ಹೋಗುತ್ತದೆ, ‘ಗೊತ್ತಿದ್ದೂ ಓಡಿಸಿದಿರಿ’ ಎಂಬ ಮಾತು ನಿಮ್ಮ ಮೇಲೇ ಬರುತ್ತದೆ. ರಾತ್ರಿ ಕೆಳಗೆ ರಟ್ಟು ಹಾಸಿಡಿ. ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ ನೋಡಿ, ಮೂಸಿ: ಗೇರ್ ಆಯಿಲ್‌ಗೆ ಗಂಧಕದಂಥ ಘಾಟಿರುತ್ತದೆ. ರಟ್ಟು, ಓಡೋಮೀಟರ್, ಉರಿಯುವ ದೀಪ, ಎಲ್ಲದರ ಫೋಟೊ ತೆಗೆದಿಡಿ.

ಸ್ಕ್ಯಾನರ್ ಹಾಕಿಸಿ, ಗಾಡಿಯ ಕಂಪ್ಯೂಟರ್ ತೋರಿಸುವ ದೋಷದ ಕೋಡ್‌ನ ಪ್ರಿಂಟ್ ತೆಗೆದುಕೊಳ್ಳಿ. ಸಿ0035 ಬಂದರೆ ಅದು ಎಡ ಮುಂಚಕ್ರದ ಸೆನ್ಸರ್‌ನದು. ಕೋಡ್ ಅಳಿಸಲು ಮಾತ್ರ ಬಿಡಬೇಡಿ. ಹೊರಗಿನ ಮೆಕ್ಯಾನಿಕ್ ನೋಡಿ ಲೆಟರ್‌ಹೆಡ್‌ನಲ್ಲಿ ಬರೆದುಕೊಡಲಿ, ಒಂದು ಬೋಲ್ಟ್ ಕೂಡ ಮುಟ್ಟಬಾರದು. ನಿಮ್ಮ ದೊಡ್ಡ ಬಲ ಜಾಬ್ ಕಾರ್ಡ್, ಅಂದರೆ ಗಾಡಿ ಒಪ್ಪಿಸಿಕೊಳ್ಳುವಾಗ ಸರ್ವಿಸ್ ಸೆಂಟರ್‌ನವರು ಬರೆಯುವ ಚೀಟಿ. ಗಾಡಿ ಬಿಟ್ಟ ದಿನ ಅದರಲ್ಲಿ ಎಬಿಎಸ್ ದೀಪದ ಪ್ರಸ್ತಾಪ ಇಲ್ಲದಿದ್ದರೆ ‘ಮೊದಲೇ ಇತ್ತು’ ಎನ್ನುವ ವಾದ ನಿಲ್ಲುವುದು ಕಷ್ಟ.

ಫೋನಿನಲ್ಲಿ ಜಗಳ ಬೇಡ. ಸರ್ವಿಸ್ ಮ್ಯಾನೇಜರ್‌ಗೆ ಇಮೇಲ್ ಹಾಕಿ, ಅದರ ಒಂದು ನಕಲು ಕಾರು ಕಂಪನಿಯ ಗ್ರಾಹಕ ವಿಭಾಗಕ್ಕೂ ಹೋಗಲಿ. ಜಾಬ್ ಕಾರ್ಡ್ ಸಂಖ್ಯೆ, ಕಿಲೋಮೀಟರ್, ಮೂರು ದೋಷ, ಪ್ರತಿಯೊಂದೂ ಯಾವ ಬಿಚ್ಚುವಿಕೆಗೆ ಸಂಬಂಧಿಸಿದ್ದು, ಉಚಿತವಾಗಿ ಸರಿಪಡಿಸಲು 15 ದಿನ ಗಡುವು: ಇಷ್ಟು ಬರೆದರೆ ಸಾಕು. ತುರ್ತಿಗೆ ಹಣ ಕಟ್ಟಲೇಬೇಕಾದರೆ ಬಿಲ್ಲಿನ ಮೇಲೆ ‘ಆಕ್ಷೇಪಣೆಯೊಂದಿಗೆ ಪಾವತಿ’ ಎಂದು ಬರೆದು ಸಹಿ ಮಾಡಿ, ಬಿಚ್ಚಿದ ಹಳೇ ಸೀಲು, ವೈರು ಕೇಳಿ ಪಡೆಯಿರಿ. ‘ತೃಪ್ತಿಕರ’ ಎಂಬ ಚೀಟಿಗೆ, ಓಡಿಸಿ ನೋಡುವ ಮುನ್ನ, ಸಹಿ ಹಾಕಬೇಡಿ.

ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅದೂ ಫಲಿಸದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಎಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಸರ್ವಿಸ್ ಸೆಂಟರ್ ಬೇರೆ ಊರಲ್ಲಿದ್ದರೂ ನೀವಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು, ವಕೀಲರು ಕಡ್ಡಾಯವಲ್ಲ. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದೂರು ಸಲ್ಲಿಸಲು ಇರುವ ಅವಧಿ 2 ವರ್ಷ.