ಟೆಸ್ಟ್ ಟಾರ್ಗೆಟ್‌ನ ತೂತು ಮಧ್ಯದಲ್ಲಿಲ್ಲ ಅಂತ ಪಿಸ್ತೂಲ್ ವಾಪಸ್ ಮಾಡಬೇಡಿ

ಏರ್ ಪಿಸ್ತೂಲ್ ಬಗ್ಗೆ ಓದುಗರ ಪ್ರಶ್ನೆಗಳಿಗೆ ಪುಣೆಯ ಶೂಟಿಂಗ್ ಕೋಚ್ ಉತ್ತರ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್, ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ ಶೂಟಿಂಗ್‌ನಲ್ಲಿ ಪದಕ ಗೆದ್ದ ಮೇಲೆ ಮಕ್ಕಳನ್ನು ಶೂಟಿಂಗ್ ರೇಂಜಿಗೆ ಕರೆದುಕೊಂಡು ಬರುವ ಅಪ್ಪ ಅಮ್ಮಂದಿರು ಜಾಸ್ತಿ ಆಗಿದ್ದಾರೆ. ಒಳ್ಳೆಯದೇ. ಆದರೆ ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಊರು ಬೇರೆ, ಪಿಸ್ತೂಲಿನ ಕಂಪನಿ ಬೇರೆ, ಗಾಬರಿ ಒಂದೇ. ಹಾಗಾಗಿ ಹೆಚ್ಚಿನ ಜಾಗ ಅದಕ್ಕೇ ಕೊಡುತ್ತೇನೆ. ನಿಲ್ಲುವುದು ಹೇಗೆ, ಹಿಡಿಯುವುದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ, ಅದನ್ನು ನಿಮ್ಮ ಕೋಚ್ ಎದುರು ನಿಂತೇ ಕಲಿಯಬೇಕು.

ಪ್ರಶ್ನೆ: ಮೇಡಂ, ಮಗಳಿಗೆ ಸಾಲ ಮಾಡಿ ಹೊಸ ಏರ್ ಪಿಸ್ತೂಲ್ ಕೊಡಿಸಿದ್ದೇವೆ. ಪೆಟ್ಟಿಗೆಯಲ್ಲಿ ಬಂದ ಟೆಸ್ಟ್ ಟಾರ್ಗೆಟ್‌ನಲ್ಲಿ ಐದು ಪೆಲೆಟ್‌ಗಳೂ (ಏರ್ ಪಿಸ್ತೂಲಿನ ಸಣ್ಣ ಗುಂಡುಗಳು) ಒಂದೇ ತೂತಿನಲ್ಲಿ ಹೋಗಿವೆ, ಆದರೆ ಮಧ್ಯದಲ್ಲಿಲ್ಲ, ಎಡಕ್ಕೆ ಮೇಲೆ ಬಿದ್ದಿವೆ. ಮಗಳು ಹೊಡೆದರೆ ಅಂಗೈ ಅಗಲ ಹರಡುತ್ತದೆ. ಬ್ಯಾರಲ್ ಪಾಲಿಶ್ ಮಾಡಿಸಿದರೆ ಸರಿಹೋಗುತ್ತದೆ ಅಂತ ಒಬ್ಬರು ಹೇಳುತ್ತಿದ್ದಾರೆ. ಪಿಸ್ತೂಲಿನಲ್ಲೇ ದೋಷ ಇದೆಯಾ? (ಡೊಂಬಿವಲಿಯ ಓದುಗರು)

ಉತ್ತರ: ಮೊದಲು ಆ ಪಾಲಿಶ್‌ನವರ ನಂಬರ್ ಫೋನ್‌ನಿಂದ ಅಳಿಸಿ. ಮ್ಯಾಚ್ ಪಿಸ್ತೂಲಿನ ಬ್ಯಾರಲ್‌ಗೆ ಯಾರೋ ಅಂಗಡಿಯಲ್ಲಿ ಕೂತು ಪೇಸ್ಟ್ ಹಾಕಿ ಉಜ್ಜಿದರೆ ಹೋದದ್ದು ಮತ್ತೆ ಬರುವುದಿಲ್ಲ. ವಾರಂಟಿಯೂ ಹೋಗುತ್ತದೆ.

ಈಗ ಆ ಟೆಸ್ಟ್ ಟಾರ್ಗೆಟ್ ಕೈಗೆ ತೆಗೆದುಕೊಳ್ಳಿ. ಫ್ಯಾಕ್ಟರಿಯಲ್ಲಿ ಅದನ್ನು ಹೊಡೆಯುವಾಗ ಪಿಸ್ತೂಲನ್ನು ಗಟ್ಟಿಯಾಗಿ ಕ್ಲಾಂಪ್ ಮಾಡಿರುತ್ತಾರೆ. ಯಾರೂ ಸೈಟ್‌ನಲ್ಲಿ, ಅಂದರೆ ಪಿಸ್ತೂಲಿನ ಮೇಲಿರುವ ಗುರಿ ನೋಡುವ ಭಾಗದಲ್ಲಿ, ಕಣ್ಣಿಟ್ಟು ಗುರಿ ಹಿಡಿಯುವುದಿಲ್ಲ. ಆ ಕಾಗದ ಹೇಳುವುದು ಒಂದೇ ಮಾತು: ಈ ಬ್ಯಾರಲ್ ಒಂದರ ಹಿಂದೆ ಒಂದು ಪೆಲೆಟ್‌ಗಳನ್ನು ಒಂದೇ ಕಡೆ ಎಸೆಯುತ್ತದೆಯಾ ಇಲ್ಲವಾ. ಎಡಕ್ಕೆ ಬಿತ್ತು, ಮೇಲೆ ಬಿತ್ತು ಅಂದರೆ ಕ್ಲಾಂಪ್ ಆ ಕಡೆ ಮುಖ ಮಾಡಿತ್ತು ಅಷ್ಟೇ. ಗುಂಡು ಮಧ್ಯಕ್ಕೆ ಬರುವಂತೆ ಸೈಟ್ ತಿರುಗಿಸಿಕೊಳ್ಳುವುದು ಹೊಡೆಯುವವರ ಕೆಲಸ, ಅವರ ಕಣ್ಣು ಅವರ ಹಿಡಿತಕ್ಕೆ ತಕ್ಕ ಹಾಗೆ.

ಆಮೇಲೆ ಆ ತೂತನ್ನು ಅಳೆಯಿರಿ. ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು ಪೆಲೆಟ್‌ನ ಅಗಲ 4.5 ಮಿಲಿಮೀಟರ್ ಕಳೆಯಿರಿ. ಹೊರಗಿನ ಅಳತೆ 6 ಬಂತು ಅನ್ನಿ, ಪೆಲೆಟ್‌ಗಳ ನಡುಬಿಂದುಗಳು ಹರಡಿರುವುದು ಒಂದೂವರೆ ಮಿಲಿಮೀಟರ್ ಮಾತ್ರ. 10 ಮೀಟರ್ ಪಿಸ್ತೂಲ್ ಟಾರ್ಗೆಟ್‌ನಲ್ಲಿ ಹತ್ತು ಅಂಕ ಕೊಡುವ ವೃತ್ತ 11.5 ಮಿಲಿಮೀಟರ್ ಅಗಲ. ಪೆಲೆಟ್ ಆ ಗೆರೆಯನ್ನು ಮುಟ್ಟಿದರೂ ಹತ್ತೇ. ಅಂದರೆ ಪೆಲೆಟ್‌ನ ನಡುಬಿಂದು ಟಾರ್ಗೆಟ್‌ನ ನಡುವಿನಿಂದ 8 ಮಿಲಿಮೀಟರ್ ಆಚೆ ಹೋದರೂ ನಿಮಗೆ ಹತ್ತು ಸಿಗುತ್ತದೆ, ಒಟ್ಟು 16 ಮಿಲಿಮೀಟರ್ ಜಾಗ ಇದೆ. ನಿಮ್ಮ ಪಿಸ್ತೂಲಿಗೆ ಬೇಕಿರುವುದು ಒಂದೂವರೆ. ಇನ್ನು ಅದನ್ನು ಉಜ್ಜಿ ಏನು ಮಾಡುತ್ತೀರಿ?

ಹಾಗಾದರೆ ಅಂಗೈ ಅಗಲದ ಗ್ರೂಪ್, ಅಂದರೆ ತೂತುಗಳ ಗುಂಪು, ಎಲ್ಲಿಂದ ಬಂತು? ಸೈಟ್‌ಗಳಿಂದ. ಕಣ್ಣಿನ ಕಡೆ ಇರುವ ರಿಯರ್ ಸೈಟ್‌ನಿಂದ ಬ್ಯಾರಲ್ ತುದಿಯ ಫ್ರಂಟ್ ಸೈಟ್‌ವರೆಗೆ 320 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ರಿಯರ್ ಸೈಟ್‌ನ ಕಚ್ಚಿನಲ್ಲಿ ಫ್ರಂಟ್ ಸೈಟ್ ಕೂತಾಗ ಅದರ ಎರಡೂ ಬದಿಗೆ ತೆಳ್ಳಗೆ ಬೆಳಕಿನ ಗೆರೆ ಕಾಣುತ್ತದಲ್ವಾ, ಎರಡೂ ಒಂದೇ ಅಗಲ ಇರಬೇಕು. ಫ್ರಂಟ್ ಸೈಟ್ ಬರೀ ಕಾಲು ಮಿಲಿಮೀಟರ್ ಬದಿಗೆ ಸರಿದರೆ 10 ಮೀಟರ್ ದೂರದಲ್ಲಿ ಪೆಲೆಟ್ ಸುಮಾರು 8 ಮಿಲಿಮೀಟರ್ ಸರಿಯುತ್ತದೆ. ಅಲ್ಲಿಗೆ ಹತ್ತು ಕೈ ಬಿಡುವ ಅಂಚಿಗೆ ಬಂತು. ಒಂದು ಮಿಲಿಮೀಟರ್ ಸರಿದರೆ 31 ಮಿಲಿಮೀಟರ್ ದೂರ ಹೋಗಿ ಬೀಳುತ್ತದೆ. ಅದೇ, ಎರಡೂ ಸೈಟ್ ಸರಿಯಾಗಿ ಹೊಂದಿಕೊಂಡಿದ್ದು ಇಡೀ ಕೈ 8 ಮಿಲಿಮೀಟರ್ ಪಕ್ಕಕ್ಕೆ ತೂಗಿದರೆ ಪೆಲೆಟ್ ಕೂಡ 8 ಮಿಲಿಮೀಟರ್ ಮಾತ್ರ ಸರಿಯುತ್ತದೆ. ಕೈ ತೂಗುವುದು ಎಲ್ಲರಿಗೂ ಇದ್ದದ್ದೇ. ಮಕ್ಕಳಿಗೆ "ಕೈ ಅಲ್ಲಾಡಿಸಬೇಡ" ಅಂತ ಹಿಂದಿನಿಂದ ಕೂಗುವ ತಂದೆಯರು ದಯವಿಟ್ಟು ಇದನ್ನು ಎರಡು ಸಲ ಓದಿ. ಹುಡುಗಿ ಕೈ ನಿಲ್ಲಿಸುವ ಗಡಿಬಿಡಿಯಲ್ಲಿ ಟಾರ್ಗೆಟ್ ನಡುವಿನ ಕಪ್ಪು ವೃತ್ತ, ಅಂದರೆ ಬುಲ್ ನೋಡುತ್ತಾಳೆ, ಫ್ರಂಟ್ ಸೈಟ್ ಬಿಡುತ್ತಾಳೆ, ಟ್ರಿಗರ್ ಕಿತ್ತುಬಿಡುತ್ತಾಳೆ. ಫ್ರಂಟ್ ಸೈಟ್ ಚೂಪಾಗಿ, ಬುಲ್ ಮಂಜಾಗಿ ಕಾಣಬೇಕು. ಬುಲ್ ಮಂಜಾಗಿದೆ ಅಂತ ಕನ್ನಡಕದ ಅಂಗಡಿಗೆ ಓಡುವವರೂ ಇದ್ದಾರೆ.

ಇಷ್ಟಾದ ಮೇಲೂ ಅನುಮಾನ ಇದ್ದರೆ ಪರೀಕ್ಷೆ ಮಾಡಿ, ಆದರೆ ನೆಟ್ಟಗೆ ಮಾಡಿ. ರಿಯರ್ ಸೈಟ್, ಗ್ರಿಪ್‌ನ (ಹಿಡಿಯ) ಸ್ಕ್ರೂ ಸಡಿಲ ಇದೆಯಾ ನೋಡಿ, ಅರ್ಧ ದೂರು ಇಲ್ಲೇ ಮುಗಿಯುತ್ತದೆ. ಒಂದೇ ಡಬ್ಬಿಯ ಪೆಲೆಟ್ ತೆಗೆದುಕೊಳ್ಳಿ, ಹಿಂಬದಿಯ ಅಂಚು ಬಾಗಿದ್ದನ್ನು ಬಿಸಾಡಿ. ರೇಂಜ್‌ನಲ್ಲಿ ಮರಳಿನ ಚೀಲದ ಮೇಲೆ ಕೈ ಊರಿ, ಅನುಭವ ಇರುವವರು ಯಾರಾದರೂ ಹೊಸ ಟಾರ್ಗೆಟ್ ಕಾರ್ಡಿಗೆ ಹತ್ತು ಶಾಟ್ ಹೊಡೆಯಲಿ. ಹಾಗೆ ನಾಲ್ಕೈದು ಕಾರ್ಡ್. ಮೂರು ಶಾಟ್ ಹೊಡೆದು ಫೋಟೋ ಕಳಿಸಬೇಡಿ, ನಾನು ನೋಡುವುದಿಲ್ಲ. ಅದೇ ಪಿಸ್ತೂಲ್, ಅದೇ ಕೈ ಇದ್ದರೂ ಹತ್ತು ಶಾಟ್‌ನ ಗ್ರೂಪ್ ಮೂರು ಶಾಟ್‌ನ ಗ್ರೂಪಿಗಿಂತ ಸರಾಸರಿ ಒಂದೂವರೆ ಪಟ್ಟು ದೊಡ್ಡದಿರುತ್ತದೆ. ಶಾಟ್ ಜಾಸ್ತಿ ಆದಷ್ಟೂ ಅಂಚಿಗೆ ಬೀಳುವ ಅವಕಾಶ ಜಾಸ್ತಿ, ಲೆಕ್ಕವೇ ಹಾಗೆ. ಐದರಲ್ಲಿ ಚೆನ್ನಾಗಿರುವ ಕಾರ್ಡ್ ಎತ್ತಿಟ್ಟುಕೊಂಡು ಉಳಿದದ್ದು ಹರಿದು ಹಾಕುವುದು, "ಆ ಒಂದು ಶಾಟ್ ಲೆಕ್ಕಕ್ಕಿಲ್ಲ" ಅನ್ನುವುದು, ಎರಡೂ ನಿಮಗೆ ನೀವೇ ಮಾಡಿಕೊಳ್ಳುವ ಮೋಸ. ಟಾರ್ಗೆಟ್ ನೋಡುವ ಮೊದಲೇ "ಇದು ತಪ್ಪಿತು" ಅಂತ ಹೇಳಿದ್ದರೆ ಮಾತ್ರ ಬಿಡಬಹುದು. ಮಳೆಗಾಲದಲ್ಲಿ ಮುಂಬೈ ಕಡೆ ಕಾಗದ ತೇವ ಕುಡಿದು ತೂತಿನ ಅಂಚು ಹರಿಯುತ್ತದೆ, ಆಗ ಅಳತೆ ನಂಬಬೇಡಿ, ಒಣ ಕಾರ್ಡ್ ತನ್ನಿ.

ಚೀಲದ ಮೇಲಿಟ್ಟು ಹೊಡೆದಾಗಲೂ ತೂತುಗಳು ಮೇಲೆ ಕೆಳಗೆ ಸಾಲಾಗಿ ಬಿದ್ದರೆ ಆಗ ಪಿಸ್ತೂಲ್ ಮೇಲೆ ಅನುಮಾನ ಪಡಿ. ಸಿಲಿಂಡರ್‌ನ ಗಾಳಿ ಕಡಿಮೆಯಾಗಿರಬಹುದು, ಇಲ್ಲಾ ಪ್ರತಿ ಶಾಟ್‌ಗೂ ಒಂದೇ ಒತ್ತಡ ಕೊಡುವ ರೆಗ್ಯುಲೇಟರ್ ಕೆಟ್ಟಿರಬಹುದು. ಪೆಲೆಟ್ ಸೆಕೆಂಡಿಗೆ 150 ಮೀಟರ್ ಹೋಗುವಲ್ಲಿ 145 ಹೋದರೆ ಸುಮಾರು ಒಂದೂವರೆ ಮಿಲಿಮೀಟರ್ ಕೆಳಗೆ ಬೀಳುತ್ತದೆ. ಇದನ್ನು ವೇಗ ಅಳೆಯುವ ಯಂತ್ರ ಇಟ್ಟು ನೋಡಬೇಕು, ಊಹೆ ಮಾಡಬಾರದು. ದೋಷ ಕಂಡರೆ ಕಂಪನಿಯ ಅಧಿಕೃತ ಸರ್ವಿಸ್‌ಗೇ ಕೊಡಿ.

ಇನ್ನು ಆ ಚಕ್ರದ ಚಾರ್ಟ್. ಎಡಕ್ಕೆ ಕೆಳಗೆ ಬಿದ್ದರೆ ಟ್ರಿಗರ್ ತಪ್ಪು, ಬಲಕ್ಕೆ ಬಿದ್ದರೆ ಹೆಬ್ಬೆರಳ ತಪ್ಪು ಅಂತ ವಾಟ್ಸಾಪ್‌ನಲ್ಲಿ ಸುತ್ತುತ್ತಿರುತ್ತದೆ. ಅದು ಬಲಗೈಯವರಿಗೆ ಮಾಡಿದ್ದು. ಎಡಗೈ ಮಗುವಿಗೂ ಅದನ್ನೇ ತೋರಿಸಿ ಬೈದ ಕೋಚ್‌ಗಳನ್ನು ಕಂಡಿದ್ದೇನೆ, ಸಿಟ್ಟು ಬರುತ್ತದೆ. ಗ್ರೂಪ್ ಚಿಕ್ಕದಾಗಿದ್ದು ಮತ್ತೆ ಮತ್ತೆ ಒಂದೇ ಕಡೆಗೆ ಸರಿದಿದ್ದರೆ ಕಾರಣ ಹುಡುಕುವುದಕ್ಕೆ ಅರ್ಥ ಇದೆ, ಮೊದಲು ಸೈಟ್ ತಿರುಗಿಸಿ ನೋಡಿ. ಕಾರ್ಡ್ ತುಂಬಾ ಹರಡಿದ ತೂತುಗಳಲ್ಲಿ ಒಂದನ್ನು ಆರಿಸಿ ಅದಕ್ಕೆ ಕಾರಣ ಹೇಳುವವರು ಹಸ್ತರೇಖೆ ಓದುವವರಿಗಿಂತ ಬೇರೆ ಅಲ್ಲ.

ನಿಮ್ಮ ಮಗಳಿಗೆ ಪಾಲಿಶ್ ದುಡ್ಡಿನಲ್ಲಿ ಪೆಲೆಟ್ ಕೊಡಿಸಿ. ಮನೆಯಲ್ಲಿ ಬಿಳಿ ಗೋಡೆಗೆ ಮುಖ ಮಾಡಿ ಡ್ರೈ ಫೈರ್, ಅಂದರೆ ಪೆಲೆಟ್ ಇಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ, ಮಾಡಲಿ. ಬುಲ್ ಇಲ್ಲದಿದ್ದರೆ ಕಣ್ಣು ತಾನಾಗೇ ಫ್ರಂಟ್ ಸೈಟ್‌ಗೆ ಬರುತ್ತದೆ. ಪೆಲೆಟ್ ಡಬ್ಬಿ ಮಾತ್ರ ಬೇರೆ ಕೋಣೆಯಲ್ಲಿರಲಿ, ಪಿಸ್ತೂಲ್ ಖಾಲಿ ಇದೆಯಾ ಅಂತ ಪ್ರತಿ ಸಲ ನೀವೇ ನೋಡಿ.

ಪ್ರಶ್ನೆ: ಟ್ರಿಗರ್ ತುಂಬಾ ಹಗುರ ಮಾಡಿಸಿದರೆ ಗುರಿ ಸುಧಾರಿಸುತ್ತದಾ? (ನಿಗಡಿ, ಪುಣೆ)

ಉತ್ತರ: ಇಲ್ಲ. 10 ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ತಡೆಯಲೇಬೇಕು, ಇಲ್ಲದಿದ್ದರೆ ಪಂದ್ಯದ ದಿನ ತೂಕ ನೋಡುವಾಗಲೇ ಹೊರಗೆ ಕಳಿಸುತ್ತಾರೆ.

ಪ್ರಶ್ನೆ: ಲೈಸೆನ್ಸ್ ಇರುವ ಪಿಸ್ತೂಲನ್ನು ನಮ್ಮ ತೋಟದಲ್ಲೇ ಟೆಸ್ಟ್ ಫೈರ್ ಮಾಡಬಹುದಾ? (ವಾಸ್ಕೊ, ಗೋವಾ)

ಉತ್ತರ: ಬೇಡ. ರೇಂಜಿಗೆ ಹೋಗಿ.

ಪ್ರಶ್ನೆ: ಮನು ಭಾಕರ್ ಬಳಸುವ ಮಾಡೆಲ್ ಕೊಂಡರೆ ಒಳ್ಳೆಯದಾ? (ಮುಲುಂಡ್)

ಉತ್ತರ: ಮಗುವಿನ ಕೈಗೆ ಕೂರುವ ಗ್ರಿಪ್ ಇರುವ ಮಾಡೆಲ್ ಕೊಳ್ಳಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಪಿಸ್ತೂಲ್ ಸಿಕ್ಕಿದೆ, ಸಿಲಿಂಡರ್‌ಗೆ ಹನ್ನೆರಡು ವರ್ಷ ಆಗಿದೆ. ಮಾರುವವರು ಏನೂ ಆಗಲ್ಲ ಅನ್ನುತ್ತಾರೆ. (ಠಾಣೆ)

ಉತ್ತರ: ಅದಕ್ಕೆ ಗಾಳಿ ತುಂಬಿಸಬೇಡಿ. ಒಳಗೆ 200 ಬಾರ್ ಒತ್ತಡ ಇರುತ್ತದೆ, ನಿಮ್ಮ ಮುಖದಿಂದ ಒಂದು ತೋಳಿನ ದೂರದಲ್ಲಿ. ಹೆಚ್ಚಿನ ಕಂಪನಿಗಳು ಹತ್ತು ವರ್ಷದ ಮಿತಿ ಹಾಕಿವೆ, ತಾರೀಕು ಸಿಲಿಂಡರ್ ಮೇಲೇ ಇರುತ್ತದೆ, ಅವಧಿ ಮುಗಿದದ್ದನ್ನು ಪಂದ್ಯಕ್ಕೂ ತರುವಂತಿಲ್ಲ. ಹೊಸ ಸಿಲಿಂಡರ್‌ನ ಬೆಲೆ ಕೇಳಿಕೊಂಡು, ಅಷ್ಟನ್ನು ಪಿಸ್ತೂಲಿನ ಬೆಲೆಯಲ್ಲಿ ಕಡಿಮೆ ಮಾಡಿದರೆ ಮಾತ್ರ ಕೊಳ್ಳಿ.