ಒಳಗ ಬಿಡಲಿಲ್ಲ ಅಂತ ಆ ಆಫೀಸರಿಗೆ ಹೇಡಿ ಅನಬ್ಯಾಡ್ರಿ (ಸಂಪಾದಕರ ಉತ್ತರ)

ಮಾನ್ವಿ ಕಡೆ ಹತ್ತಿ ಬೆಳೆಗಾರರೊಬ್ಬರು ನಾಕು ಹಾಳಿ ತುಂಬ ಸಿಟ್ಟಿಲೆ ಬರದಾರ. ಅವರ ಊರ ಹತ್ರದ ಜಿನ್ನಿಂಗ್ ಮಿಲ್ಲಿಗೆ ಬೆಂಕಿ ಬಿದ್ದಾಗ ಫೈರ್ ಇಂಜಿನ್ ಬಂತು, ಆದ್ರ ಆಫೀಸರು ತನ್ನ ಹುಡುಗರನ್ನ ಗೋದಾಮಿನ ಒಳಗ ಬಿಡಲಿಲ್ಲ, ಹೊರಗ ನಿಂತೇ ನೀರು ಹೊಡಸಿದ್ರು, ಕಣ್ಣೆದುರಿಗೇ ಹತ್ತಿ ಎಲ್ಲಾ ಬೂದಿ ಆತು. "ಬೆಂಕಿಗೆ ಅಂಜೋ ಹೇಡಿಗಳು ಈ ನೌಕರಿಗೆ ಯಾಕ ಬರಬೇಕು? ಮೊದಲಿನವ್ರು ಜೀವದ ಹಂಗು ಬಿಟ್ಟು ನುಗ್ತಿದ್ರು" ಅಂತಾರ ಅವರು.

ಅಣ್ಣಾರ, ನಿಮ್ಮ ಸಂಕಟ ಸುಳ್ಳಲ್ಲ. ಬೀಜ, ಗೊಬ್ಬರ, ಎಣ್ಣಿ ಹೊಡದಿದ್ದು, ಬಿಡಿಸಿದ ಕೂಲಿ, ಎಲ್ಲಾ ಸಾಲದಾಗ ಮಾಡಿದ್ದು. ಗಾಡಿ ತಡ ಮಾಡಿ ಬಂದಿದ್ರ ಅದನ್ನೂ ಕೇಳ್ರಿ, ಕೇಳಬೇಕು. ಆದ್ರ ಹೇಡಿ ಅಂದ್ರಲ್ಲ, ಆ ಒಂದು ಮಾತಿಗೆ ನನ್ನ ತಕರಾರು ಅದ, ಅದೇನು ಸಣ್ಣ ತಕರಾರಲ್ಲ.

ಹತ್ತಿ ಬೆಂಕಿ ಹೆಂಗಂತ ನಿಮಗ ನಾನು ಹೇಳಬೇಕಾ? ಪ್ರೆಸ್ ಮಾಡಿದ ಒಂದು ಬೇಲ್, ಅಂದ್ರ ಹತ್ತಿ ಗಂಟು, ಸುಮಾರು 170 ಕೆಜಿ. ಮ್ಯಾಲ ಆರಿದಂಗ ಕಾಣ್ತದ, ಒಳಗ ಕಿಡಿ ದಿನಗಟ್ಲೆ ಕುಂತಿರ್ತದ. ನೀರು ಕುಡದು ಉಬ್ಬಿದ ಬೇಲಿನ ಅಟ್ಟಿ ಯಾವಾಗ ಜಾರಿ ಮೈಮ್ಯಾಲ ಬೀಳ್ತದ ಹೇಳಾಕ ಬರಂಗಿಲ್ಲ. ಮ್ಯಾಲಿನ ತಗಡಿನ ಚಾವಣಿ ಹೊತ್ತ ಉಕ್ಕು 600 ಡಿಗ್ರಿ ಹತ್ರ ಬಂತಂದ್ರ ಹೆಚ್ಚುಕಮ್ಮಿ ಅರ್ಧ ಶಕ್ತಿ ಕಳಕೊಂಡಿರ್ತದ. ಹೊಗಿಯೊಳಗ ಕಾರ್ಬನ್ ಮೋನಾಕ್ಸೈಡ್ ಅನ್ನೋ ವಿಷದ ಗಾಳಿ ಬ್ಯಾರೆ, ಅದಕ್ಕ ಬಣ್ಣಾನೂ ಇಲ್ಲ ವಾಸ್ನೀನೂ ಇಲ್ಲ. ಬೆನ್ನಿಗೆ ಉಸಿರಾಡೋ ಗಾಳಿ ಸಿಲಿಂಡರ್ ಕಟ್ಕೊಂಡು ಹೋದ್ರೂ ಮೈಮುರಿದು ದುಡಿಯುವಾಗ ಆ ಗಾಳಿ ಅರ್ಧ ತಾಸು ಬಂದ್ರ ದೊಡ್ಡದು. ಒಳಗ ಒಬ್ಬ ಮನುಷ್ಯ ಸಿಕ್ಕೊಂಡಾನ ಅಂದ್ರ ಲೆಕ್ಕಾನೇ ಬ್ಯಾರೆ ಇರ್ತಿತ್ತು. ಆದ್ರ ಹಮಾಲರೆಲ್ಲಾ ಮೊದಲೇ ಹೊರಗ ಬಂದಿದ್ರು ಅಂತ ನಿಮ್ಮ ಪತ್ರದ ಎರಡನೇ ಹಾಳಿಯೊಳಗ ನೀವ ಬರದೀರಿ.

ನಾನು ಆರನೇತ್ತ ಇದ್ದಾಗ ನಮ್ಮೂರ ಹೊಲದಾಗ ಒಂದು ಬಾವಿ ಇತ್ತು. ನೀರು ಕೆಳಗ ಹೋಗಿದ್ದಕ್ಕ ಡೀಸೆಲ್ ಇಂಜಿನ್ನನ್ನ ಬಾವಿಯೊಳಗ ಇಳಿಸಿ ಕಟ್ಟಿಮ್ಯಾಲ ಕೂಡ್ಸಿದ್ರು, ಹೊಗಿ ಹೊರಗ ಹೋಗಾಕ ದಾರೀನೇ ಇಲ್ಲ. ಇಂಜಿನ್ ನೋಡಾಕ ಇಳದವ ಕುಂತಲ್ಲೇ ಕುಸದ. ಅವನನ್ನ ಎತ್ತಾಕ ತಮ್ಮ ಇಳದ, ಅವನೂ ಬಿದ್ದ. ಮೂರನೇಯವ ಧೋತ್ರ ಕಟ್ಟಿ ಹಗ್ಗ ಹಿಡದಿದ್ದ, ಆಗ ನಮ್ಮ ದೊಡ್ಡವ್ವ ಅವನ ಸೊಂಟಕ್ಕ ಜೋತುಬಿದ್ದು ಬಿಡಲೇ ಇಲ್ಲ. ಅವ ಹೊಡದ, ಬೈದ, ಮಂದಿನೂ ಬೈದ್ರು, ಈಕಿ ಬಿಡಲಿಲ್ಲ. ಇಬ್ಬರು ಸತ್ರು, ಮೂರನೇಯವ ಮೊಮ್ಮಕ್ಕಳನ್ನ ಕಂಡ. ದೊಡ್ಡವ್ವಗ ಮಾತ್ರ ಊರು ಬಹಳ ವರ್ಷ "ಕಲ್ಲೆದಿಯಾಕಿ" ಅಂತು. ನಿಮ್ಮ ಪತ್ರ ಓದಿದಾಗಿಂದ ನನ್ನ ಕಣ್ಣ ಮುಂದ ಆಕೀನೇ ಅದಾಳ.

ಆಮ್ಯಾಲ ಓದಿದ್ದು ಒಂದು. 1999ರ ಡಿಸೆಂಬರ್ 3, ಅಮೆರಿಕದ ವೂಸ್ಟರ್ ಊರಾಗ ಹಾಳುಬಿದ್ದ ಕೋಲ್ಡ್ ಸ್ಟೋರೇಜ್ ಕಟ್ಟಡಕ್ಕ ಬೆಂಕಿ ಹತ್ತಿತು. ಒಳಗ ಮನಿ ಇಲ್ಲದ ಇಬ್ಬರು ಅದಾರ ಅಂತ ಸುದ್ದಿ ಬಂತು, ಅವರು ಅಷ್ಟೊತ್ತಿಗೇ ಹೊರಗ ಹೋಗಿದ್ರು ಅಂತ ಯಾರಿಗೂ ಗೊತ್ತಿಲ್ಲ. ಹುಡುಕಾಕ ಹೋದ ಇಬ್ಬರು ಫೈರ್‌ಮನ್ ಹೊಗಿಯಾಗ ದಾರಿ ತಪ್ಪಿದ್ರು, ಅವರನ್ನ ಹುಡುಕಾಕ ಹೋದ ನಾಲ್ವರೂ ವಾಪಸ್ ಬರಲಿಲ್ಲ. ಆಗ ಮೈಕ್ ಮೆಕ್‌ನಾಮಿ ಅನ್ನೋ ಮುಖ್ಯಸ್ಥ ಬಾಗಲಕ್ಕ ಅಡ್ಡ ನಿಂತು ಇನ್ನ ಯಾರೂ ಒಳಗ ಹೋಗಂಗಿಲ್ಲ ಅಂದ. ಒಳಗಿದ್ದವ್ರು ಅವನ ಜೋಡಿ ದುಡಿದವ್ರು, ಮುಂದ ನಿಂತವ್ರು ಅವರ ಗೆಳ್ಯಾರು, ಅವರ ಸಿಟ್ಟನ್ನೆಲ್ಲಾ ಎದಿಮ್ಯಾಲ ತಗೊಂಡು ನಿಂತ. ಅವ ಅಡ್ಡ ನಿಲ್ಲದಿದ್ರ ಆರು ಇದ್ದದ್ದು ಎಷ್ಟು ಆಗ್ತಿತ್ತೋ.

ಇನ್ನ ಹತ್ತೀದೇ ಒಂದು ನೋಡ್ರಿ. 1944ರ ಏಪ್ರಿಲ್ 14, ಬಾಂಬೆ ಬಂದರಿನಾಗ ಫೋರ್ಟ್ ಸ್ಟಿಕಿನ್ ಹಡಗು, ಅದರೊಳಗ ಹತ್ತಿ ಬೇಲೂ ಇದ್ವು, ಸುಮಾರು 1,400 ಟನ್ ಸ್ಫೋಟಕಾನೂ ಇತ್ತು. ಮಧ್ಯಾಹ್ನ ಹೊಗಿ ಕಂಡಾಗಿಂದ ನಾಕು ಗಂಟೆ ತನಕ ಹಡಗು ಮುಳಗಿಸಬೇಕೋ ಹೊರಗ ಒಯ್ಯಬೇಕೋ ಅಂತ ಗಟ್ಟಿಯಾಗಿ ಒಂದು ಹುಕುಂ ಕೊಡೋವ್ರು ಯಾರೂ ಇರಲಿಲ್ಲ, ಫೈರ್‌ಮನ್‌ಗಳು ಮಾತ್ರ ನೀರು ಹೊಡೀತಾನೇ ಇದ್ರು. ನಾಕು ದಾಟಿದ ಮ್ಯಾಲ ಹಡಗು ಸಿಡೀತು, ಫೈರ್‌ಮನ್‌ಗಳೇ 66 ಮಂದಿ ಹೋದ್ರು. ಅವರ ನೆನಪಿಗೇ ಪ್ರತಿ ವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ಮಾಡ್ತೀವಿ. ಅವತ್ತು ಹಾರ ಹಾಕಿ ಫೋಟೋ ತಗೋತೀವಿ. ಸತ್ತವ್ರಿಗೆ ಹಾರ ಅದ, ಹನ್ನೆರಡು ಹುಡುಗರನ್ನ ಕರ್ಕೊಂಡು ಹೋಗಿ ಹನ್ನೆರಡೂ ಮಂದೀನ ವಾಪಸ್ ಸ್ಟೇಷನ್ನಿಗೆ ತಂದ ಆಫೀಸರಿಗೆ ಏನೂ ಇಲ್ಲ. ಪತ್ರಿಕೆಯವ್ರು ನಾವೂ ಅದನ್ನೇ ಮಾಡೀವಿ, "ಪ್ರಾಣದ ಹಂಗು ತೊರೆದು" ಅಂತ ಎಷ್ಟು ಸಲ ಹೆಡ್ಡಿಂಗ್ ಕೊಟ್ಟೀವೋ ಲೆಕ್ಕ ಇಲ್ಲ, ಇದಕ್ಕ ನನಗ ನಾಚಿಕಿ ಆಗ್ತದ.

ರಾಯಚೂರಿನಾಗ ನನಗ ಪರಿಚಯದ ನಿವೃತ್ತ ಫೈರ್‌ಮನ್ ಒಬ್ಬರು ಅದಾರ. ಮೇ ತಿಂಗಳ ಬಿಸಲಾಗ ಆ ದಪ್ಪ ಕೋಟು ಹಾಕ್ಕೊಂಡು ಬಣವಿ ಬೆಂಕಿ ಆರ್ಸಿದವ್ರು. ಅವರು ಹೇಳೋದು, ಬೆಂಕಿಗಿಂತ ಬೆನ್ನ ಹಿಂದಿನ ಮಂದೀದೇ ಹೆಚ್ಚು ಅಂಜಿಕಿ ಅಂತ. ಹೋಗ್ರಲೇ ಒಳಗ ಅಂತ ಒದರ್ತಾರ, ಒಬ್ಬ ವಿಡಿಯೋ ಮಾಡ್ತಿರ್ತಾನ, ಇನ್ನೊಬ್ಬ ಕಲ್ಲು ಎತ್ತಿರ್ತಾನ, ಆಗ ಎಳೇ ಆಫೀಸರು ಇದ್ರ ಮರ್ಯಾದಿಗೆ ಅಂಜಿ ಹುಡುಗರನ್ನ ಕಳಿಸೇಬಿಡ್ತಾನ. ನಿಮ್ಮ "ಹೇಡಿ" ಮಾಡೋ ಕೆಲಸ ಅದೇ ಅಣ್ಣಾರ. ಇವತ್ತು ಆ ಆಫೀಸರು ತಡ್ಕೊಂಡ್ರು, ನಾಳೆ ಇನ್ನೊಂದು ಮಿಲ್ಲಿನ ಮುಂದ ನಿಂತವನಿಗೆ ಈ ಮಾತು ನೆನಪಿಗೆ ಬರ್ತದ.

ನೀವು ಕೇಳಬೇಕಾದ್ದು ಮಾಲಕರನ್ನ. ಗ್ವಾಡಿಗೆ ಕೆಂಪು ಬಕೆಟ್ ತೂಗಹಾಕಿರ್ತಾರ, ಒಳಗ ಉಸುಕು ಇರಂಗಿಲ್ಲ. ನೀರಿನ ಟಾಂಕಿ ಒಣಗಿರ್ತದ. ಬೇಲಿನ ಅಟ್ಟಿ ನಡುವ ಒಬ್ಬ ಮನುಷ್ಯ ಅಡ್ಡಾಡೋ ಜಾಗ ಬಿಟ್ಟಿರಂಗಿಲ್ಲ, ಗೇಟಿನ ಮುಂದ ಲಾರಿ ಸಾಲು. ಇಷ್ಟೆಲ್ಲಾ ಮಾಡಿಟ್ಟು ಕೊನಿಗೆ ಇಪ್ಪತ್ತೈದು ವರ್ಷದ ಹುಡುಗನ ಎದಿ ಮ್ಯಾಲ ಲೆಕ್ಕ ಚುಕ್ತಾ ಮಾಡು ಅಂದ್ರ ಹೆಂಗ?

ಆ ಆಫೀಸರ ಹೆಸರು, ಫೋಟೋ ಹಾಕ್ರಿ ಅಂತ ಬರದೀರಿ. ಹಾಕಂಗಿಲ್ಲ. ಆ ಮಿಲ್ಲಿನಾಗ ಟಾಂಕಿ ಎಲ್ಲೈತಿ, ಅವತ್ತು ಅದರೊಳಗ ನೀರು ಎಷ್ಟಿತ್ತು, ನಿಮ್ಮ ಹತ್ತಿಗೆ ಇನ್ಶೂರೆನ್ಸ್ ಯಾರ ಹೆಸರಿಲೆ ಇತ್ತು, ಇಷ್ಟು ತಿಳ್ಕೊಂಡು ಬರೀರಿ, ಮೊದಲನೇ ಪುಟಕ್ಕ ಹಾಕ್ತೀನಿ.