ತೆರೆಯ ಮೇಲೆ ಅಡಗಿದ್ದನ್ನು ಓದುವುದು

ಪ್ರಶ್ನೆ: ಕ್ವಿಯರ್ (ಲಿಂಗ, ಲೈಂಗಿಕತೆಗಳ ರೂಢಿಗತ ಚೌಕಟ್ಟಿಗೆ ಹೊರತಾದ) ಸಿನಿಮಾ ಅಧ್ಯಯನವೆಂದರೆ ಸಲಿಂಗಪ್ರೇಮಿ ಪಾತ್ರಗಳಿರುವ ಚಿತ್ರಗಳನ್ನು ಪಟ್ಟಿ ಮಾಡುವುದಷ್ಟೆಯೇ?

ಉತ್ತರ: ಅಲ್ಲ. ಪಟ್ಟಿ ಬೇಕು, ಆದರೆ ಅದು ಈ ಶಿಸ್ತಿನ ಹೊಸ್ತಿಲು ಮಾತ್ರ. ಹಾಲಿವುಡ್‌ನಲ್ಲಿ 1934ರಿಂದ ಬಿಗಿಯಾಗಿ ಜಾರಿಗೆ ಬಂದ ಹೇಸ್ ಸಂಹಿತೆಯು, ಅಂದರೆ ಚಿತ್ರೋದ್ಯಮ ತನಗೆ ತಾನೇ ಹಾಕಿಕೊಂಡ ನಿಯಮಾವಳಿಯು, ಸಲಿಂಗಪ್ರೇಮದ ಚಿತ್ರಣವನ್ನು ಬಹುಕಾಲ ನಿಷೇಧಿಸಿದ್ದರಿಂದ, ಹಲವು ನಿರ್ದೇಶಕರು ಅದನ್ನು ಪಾತ್ರಗಳ ಉಡುಪು, ನಡಿಗೆ, ಮಾತಿನ ಧಾಟಿ, ಅರೆಕ್ಷಣ ಹೆಚ್ಚು ನಿಲ್ಲುವ ನೋಟಗಳಲ್ಲಿ ಸೂಚಿಸಿದರು. ಆ ಸೂಚನೆಗಳನ್ನು ಪ್ರೇಕ್ಷಕರಲ್ಲಿ ಯಾರು, ಹೇಗೆ ಗುರುತಿಸಿದರೆಂಬುದೇ ನನ್ನ ದೃಷ್ಟಿಯಲ್ಲಿ ಇಲ್ಲಿಯ ಅತ್ಯಂತ ಫಲವತ್ತಾದ ಪ್ರಶ್ನೆ. ಇಂತಹ ಪಾತ್ರಗಳು ಹಾಸ್ಯಕ್ಕೋ ಖಳತನಕ್ಕೋ ಸಾವಿಗೋ ಮೀಸಲಾದ ಬಗೆಯನ್ನು ಚಲನಚಿತ್ರ ಇತಿಹಾಸಕಾರ ವಿಟೊ ರುಸ್ಸೊ 1981ರಲ್ಲೇ ವಿವರವಾಗಿ ದಾಖಲಿಸಿದರು. ಸ್ವತಂತ್ರ ನಿರ್ದೇಶಕರ ಹೊಸ ಅಲೆಯನ್ನು ವಿಮರ್ಶಕಿ ಬಿ. ರೂಬಿ ರಿಚ್ 1992ರಲ್ಲಿ ‘ನ್ಯೂ ಕ್ವಿಯರ್ ಸಿನಿಮಾ’ ಎಂದು ಕರೆದರು. ಟಿ.ವಿ.ಯ ಕ್ವಿಯರ್ ಅಧ್ಯಯನದಲ್ಲಿ ಧಾರಾವಾಹಿಗಳ ದೀರ್ಘಾವಧಿ, ಜಾಹೀರಾತುದಾರರ ಅಂಜಿಕೆ, ಅಭಿಮಾನಿಗಳು ಅವುಗಳ ಕಥೆಯನ್ನು ತಮ್ಮಂತೆ ಬದಲಿಸಿ ಬರೆಯುವ ಮರುಬರವಣಿಗೆಗಳೂ ಸೇರುತ್ತವೆ.